ಪರಮಾಣು ತ್ಯಾಜ್ಯ ಮತ್ತು ಕಲ್ಲು ಆರಿಸುವ ವಿದ್ಯೆ

ಮುಂಬಯಿಯ ಗೇಟ್‌ವೇಯಿಂದ ಘಾರಾಪುರಿಗೆ ಹೊರಟ ದೋಣಿಯಲ್ಲಿ ಕುಳಿತವರಿಗೆ ಎಡಗಡೆ ದೂರದಲ್ಲಿ ಟ್ರಾಂಬೆಯ ಗುಡ್ಡ ಕಾಣುತ್ತದೆ. ಅದರ ತಪ್ಪಲಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವಿದೆ. ಎದುರಿನ ದ್ವೀಪದಲ್ಲಿ ಸುಮಾರು 1500 ವರ್ಷಗಳ ಹಿಂದಿನ ಗುಹಾಲಯವಿದೆ. ಅದನ್ನು ಕೊರೆಸಿದವರು ಯಾರೆಂದು ಇಂದಿಗೂ ಒಮ್ಮತವಿಲ್ಲ. ಕೆಲವರು ಕಳಚೂರಿಗಳೆಂದರು, ಕೆಲವರು ಚಾಲುಕ್ಯರೆಂದರು, ಮತ್ತೆ ಕೆಲವರು ರಾಷ್ಟ್ರಕೂಟರೆಂದರು. ಉತ್ತರ ಹೇಳಬಹುದಾಗಿದ್ದ ಶಾಸನವೊಂದು ಅಲ್ಲಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕಿತ್ತು ತಮ್ಮ ದೊರೆಗೆ ಕಳುಹಿಸಿದರು. ಅಲ್ಲಿ ಅದು ಕಳೆದುಹೋಯಿತು. ಹೀಗೆ ಕಲ್ಲಿನಲ್ಲಿ ಕೆತ್ತಿದ ಮಾತೂ 1500 ವರ್ಷ ದಾಟಿ ನಮ್ಮನ್ನು ತಲುಪಲಿಲ್ಲ.

ಎರಡು ದಡಗಳ ನಡುವಿನ ಆ ನೀರಿನಲ್ಲಿ ಸಾಗುವಾಗ ಒಂದು ಲೆಕ್ಕ ನೆನಪಿಗೆ ಬರುವುದು ಸಹಜ. ಪರಮಾಣು ಸ್ಥಾವರದಲ್ಲಿ ಹುಟ್ಟುವ ಪ್ಲುಟೋನಿಯಂ-239ರ ಅರ್ಧಾಯುಷ್ಯ 24,100 ವರ್ಷ. ಅಂದರೆ ಇಂದಿರುವುದರ ಅರ್ಧ ಭಾಗ ಅಷ್ಟು ವರ್ಷಗಳ ಅನಂತರವೂ ಉಳಿದಿರುತ್ತದೆ. ಕ್ರಿ.ಶ. 450ರ ಸುಮಾರಿನದೆಂದು ಬಹುಕಾಲದಿಂದ ಎಣಿಸಲಾಗಿರುವ ಹಲ್ಮಿಡಿ ಶಾಸನದಿಂದ ಇಲ್ಲಿಯವರೆಗಿನ ಅವಧಿ ಅದರ ಹದಿನೈದನೆಯ ಒಂದು ಪಾಲು. ಹಲ್ಮಿಡಿಯ ಹದಿನಾರು ಸಾಲುಗಳನ್ನು ಓದಲು ಇಂದು ವಿದ್ವಾಂಸರ ನೆರವು ಬೇಕು. ಹಾಗಿರುವಾಗ, ‘ಇಲ್ಲಿ ಅಗೆಯಬೇಡಿ’ ಎಂಬ ಎಚ್ಚರಿಕೆಯನ್ನು ಯಾವ ಲಿಪಿಯಲ್ಲಿ, ಯಾವ ನುಡಿಯಲ್ಲಿ ಬರೆದಿಡಬೇಕು?

ಈ ಪ್ರಶ್ನೆಗೆ ಭಾಷಾವಿಜ್ಞಾನಿಗಳು, ಭೂಗರ್ಭಶಾಸ್ತ್ರಜ್ಞರು, ಎಂಜಿನಿಯರರು ತಮ್ಮ ತಮ್ಮ ರೀತಿಯಲ್ಲಿ ಉತ್ತರ ಹುಡುಕಿದ್ದಾರೆ. ರಸಾಯನಶಾಸ್ತ್ರಜ್ಞರು ಹಿಡಿದ ದಾರಿ ಬೇರೆಯಾಗಿತ್ತು: ಎಚ್ಚರಿಕೆಯನ್ನು ಅಷ್ಟು ದೂರ ಕಳುಹಿಸುವ ಬದಲು ಅಪಾಯದ ಆಯುಷ್ಯವನ್ನೇ ಮೊಟಕುಗೊಳಿಸಲು ಬಂದೀತೇ? ಆ ಪ್ರಯತ್ನದ ಎಂಟು ದಶಕಗಳ ಕಥೆಯನ್ನು ಇಲ್ಲಿ ನಿರೂಪಿಸಲು ಬಯಸುತ್ತೇವೆ.

ಮೊದಲು ತ್ಯಾಜ್ಯದ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯ ನೀರಿನಿಂದ ತಣಿಸುವ ಸ್ಥಾವರವೊಂದರಲ್ಲಿ ಉರಿದು ಹೊರಬಂದ ಇಂಧನದಲ್ಲಿ ಸುಮಾರು 95 ಭಾಗ ಯುರೇನಿಯಂ ಹಾಗೆಯೇ ಉಳಿದಿರುತ್ತದೆ. ಸುಮಾರು ಒಂದು ಭಾಗ ಪ್ಲುಟೋನಿಯಂ. ಮೂರರಿಂದ ನಾಲ್ಕು ಭಾಗ ವಿದಳನದಿಂದ ಹುಟ್ಟಿದ ಸೀಸಿಯಂ, ಸ್ಟ್ರಾಂಷಿಯಂ, ನಿಯೋಡಿಮಿಯಂ, ಯುರೋಪಿಯಂ ಮುಂತಾದ ಹತ್ತಾರು ಧಾತುಗಳು. ಕೊನೆಯದಾಗಿ, ಶೇಕಡಾ 0.1ರಷ್ಟು ನೆಪ್ಚೂನಿಯಂ, ಅಮೆರಿಸಿಯಂ ಮತ್ತು ಕ್ಯೂರಿಯಂ. ಈ ರಾಶಿಯ ವಿಷ ತನ್ನ ಮೂಲವಾದ ಯುರೇನಿಯಂ ಅದಿರಿನ ಮಟ್ಟಕ್ಕೆ ಇಳಿಯಲು ಸ್ಥೂಲವಾಗಿ ಲಕ್ಷ ವರ್ಷಗಳೇ ಬೇಕು. ಪ್ಲುಟೋನಿಯಮ್ಮನ್ನು ತೆಗೆದರೆ ಅವಧಿ ಹತ್ತು ಸಾವಿರ ವರ್ಷಗಳ ಆಸುಪಾಸಿಗೆ ಬರುತ್ತದೆ. ಆ ಸಾವಿರದ ಒಂದು ಪಾಲನ್ನೂ ಹೆಕ್ಕಿ ತೆಗೆದರೆ, ಉಳಿದುದರ ಮುಖ್ಯ ಅಪಾಯ ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90ರದು. ಇವೆರಡರ ಅರ್ಧಾಯುಷ್ಯವೂ ಸುಮಾರು 30 ವರ್ಷ. ಆದ್ದರಿಂದ ಕೆಲವು ನೂರು ವರ್ಷಗಳಲ್ಲಿ ರಾಶಿ ತಣಿಯುತ್ತದೆ.

ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದ ನೆನಪು ಹಲವರಿಗಿರಬಹುದು. ಒಂದು ಸೇರು ಅಕ್ಕಿಯಲ್ಲಿ ಕಲ್ಲು ನಾಲ್ಕೇ ಇರಬಹುದು. ಆದರೆ ಹಲ್ಲು ಮುರಿಯಲು ಒಂದೇ ಸಾಕು. ಅಕ್ಕಿಯ ಬಣ್ಣದ, ಅಕ್ಕಿಯ ಗಾತ್ರದ ಕಲ್ಲೇ ಎಲ್ಲಕ್ಕಿಂತ ಕಷ್ಟದ್ದು. ಪರಮಾಣು ತ್ಯಾಜ್ಯದ ಸಮಸ್ಯೆಯೂ ಮೂಲತಃ ಅದೇ ಬಗೆಯದು. ಇಲ್ಲಿ ಆರಿಸುವ ಬೆರಳಿನ ಕೆಲಸವನ್ನು ಮಾಡುವುದು ಲಿಗ್ಯಾಂಡ್ ಎಂಬ ಅಣು. ಲೋಹದ ಅಯಾನು ಧನಾವೇಶವುಳ್ಳದ್ದು. ಆಮ್ಲಜನಕ, ಸಾರಜನಕ, ಗಂಧಕದಂತಹ ಪರಮಾಣುಗಳಲ್ಲಿ ಹಂಚಿಕೊಳ್ಳಲು ಸಿದ್ಧವಾದ ಎಲೆಕ್ಟ್ರಾನ್ ಜೋಡಿಗಳಿರುತ್ತವೆ. ಅಂತಹ ಪರಮಾಣುಗಳನ್ನು ಕೈಗಳಂತೆ ಚಾಚಿ ಲೋಹವನ್ನು ಹಿಡಿಯುವ ಅಣುವೇ ಲಿಗ್ಯಾಂಡ್. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಕಟ್ಟುವುದು ಎಂದೇ. ಆದರೆ ಎಲ್ಲವನ್ನೂ ಕಟ್ಟುವ ಅಣುವಿನಿಂದ ಪ್ರಯೋಜನವಿಲ್ಲ. ನೂರರಲ್ಲಿ ಒಂದನ್ನು ಗುರುತಿಸಿ ಅದನ್ನಷ್ಟೇ ಹಿಡಿಯಬೇಕು. ಹಿಡಿದುದನ್ನು ಬೇಕೆಂದಾಗ ಬಿಡಲೂ ಬೇಕು.

ಈ ವಿದ್ಯೆ ಯುದ್ಧದ ಅವಸರದಲ್ಲಿ ಹುಟ್ಟಿತು. ಆ ಅವಸರದ ಗುರುತು ಅದರ ಮೇಲೆ ಇನ್ನೂ ಉಳಿದಿದೆ. 1941ರ ಆರಂಭದಲ್ಲಿ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಪ್ಲುಟೋನಿಯಮ್ಮನ್ನು ಗುರುತಿಸಿದರು. 1942ರ ಸೆಪ್ಟೆಂಬರಿನಲ್ಲಿ ಷಿಕಾಗೋದ ಪ್ರಯೋಗಾಲಯವೊಂದರಲ್ಲಿ ಬರಿಸ್ ಕನ್ನಿಂಗ್‌ಹ್ಯಾಮ್ ಮತ್ತು ಲೂಯಿ ವರ್ನರ್ ಅದರ ಆಕ್ಸೈಡನ್ನು ಮೊದಲ ಬಾರಿಗೆ ತೂಗಿದರು: 2.77 ಮೈಕ್ರೋಗ್ರಾಂ. ಎರಡು ವರ್ಷಗಳೊಳಗೆ ಅದನ್ನು ಕಿಲೋಗ್ರಾಂಗಳಲ್ಲಿ ಬೇರ್ಪಡಿಸಬೇಕೆಂಬ ಆಜ್ಞೆ ಬಂದಿತು. ಸ್ಟ್ಯಾನ್ಲಿ ಥಾಂಪ್ಸನ್ ಕಂಡುಹಿಡಿದ ಬಿಸ್ಮತ್ ಫಾಸ್ಫೇಟ್ ವಿಧಾನ ಆ ಕೆಲಸವನ್ನು ಮಾಡಿಕೊಟ್ಟಿತು. ಪ್ಲುಟೋನಿಯಂ ಒಂದು ಉತ್ಕರ್ಷಣ ಸ್ಥಿತಿಯಲ್ಲಿ ಬಿಸ್ಮತ್ ಫಾಸ್ಫೇಟಿನ ಗಷ್ಟಿನೊಡನೆ ತಳಕ್ಕಿಳಿಯುತ್ತದೆ. ಮತ್ತೊಂದು ಸ್ಥಿತಿಯಲ್ಲಿ ದ್ರಾವಣದಲ್ಲೇ ನಿಲ್ಲುತ್ತದೆ. ಇಳಿಸುವುದು, ಕರಗಿಸುವುದು, ಮತ್ತೆ ಇಳಿಸುವುದು: ಹೀಗೆ ಹಲವು ಸುತ್ತು. 1944ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡಿನಲ್ಲಿ ಇದೇ ವಿಧಾನದಿಂದ ಬೃಹತ್ ಪ್ರಮಾಣದ ಕೆಲಸ ಮೊದಲಾಯಿತು. ಮರುವರ್ಷದ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ಅಲ್ಲಿಂದ ಬಂದದ್ದು.

ಆ ವಿಧಾನ ಪ್ಲುಟೋನಿಯಮ್ಮನ್ನು ಮಾತ್ರ ಎತ್ತಿಕೊಂಡಿತು. ಯುರೇನಿಯಂ ಸಹಿತ ಉಳಿದುದೆಲ್ಲವೂ ಭೂಮಿಯಡಿಯ ಉಕ್ಕಿನ ತೊಟ್ಟಿಗಳಿಗೆ ಹರಿಯಿತು. ಕೊಲಂಬಿಯಾ ನದಿಯ ಸಮೀಪ ಇಂದು ಅಂತಹ 177 ತೊಟ್ಟಿಗಳಿವೆ. ಅವುಗಳಲ್ಲಿ ಸುಮಾರು 20 ಕೋಟಿ ಲೀಟರ್ ತ್ಯಾಜ್ಯವಿದೆ. ಅರವತ್ತಕ್ಕೂ ಹೆಚ್ಚು ತೊಟ್ಟಿಗಳು ಸೋರಿರುವುದಾಗಿ ಭಾವಿಸಲಾಗಿದೆ. ಯುದ್ಧ ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಬಿಟ್ಟ ಕೆಲಸ ಇಂದಿಗೂ ಮುಗಿದಿಲ್ಲ. ಬೇಕಾದುದನ್ನು ಎತ್ತಿಕೊಳ್ಳುವ ವಿದ್ಯೆಯನ್ನು ಮನುಷ್ಯ ಮೊದಲು ಕಲಿತ. ಬೇಡವಾದುದನ್ನು ವಿಂಗಡಿಸುವ ವಿದ್ಯೆಗೆ ಅಂದು ಯಾರೂ ಬೆಲೆ ಕಟ್ಟಿರಲಿಲ್ಲ. ಮುಂದಿನ ಇತಿಹಾಸವೆಲ್ಲ ಈ ಒಂದು ಉಪೇಕ್ಷೆಯ ತಿದ್ದುಪಡಿಯೆಂದು ನಮಗೆ ತೋರುತ್ತದೆ.

ಯುದ್ಧಾನಂತರ ಗಷ್ಟಿನ ವಿಧಾನದ ಬದಲು ದ್ರಾವಕಗಳ ವಿಧಾನ ಬಂದಿತು. ನೀರು ಮತ್ತು ಎಣ್ಣೆ ಒಂದನ್ನೊಂದು ಬೆರೆಯುವುದಿಲ್ಲ. ಇಂಧನವನ್ನು ಕರಗಿಸಿದ ನೈಟ್ರಿಕ್ ಆಮ್ಲದ ಮೇಲೆ ಎಣ್ಣೆಯಂತಹ ದ್ರವವನ್ನು ಕಲಕಿದರೆ, ಎಣ್ಣೆಯಲ್ಲಿರುವ ಲಿಗ್ಯಾಂಡ್ ತನಗೆ ಒಗ್ಗುವ ಲೋಹವನ್ನು ಹಿಡಿದು ಮೇಲಕ್ಕೆ ಒಯ್ಯುತ್ತದೆ. 1952ರಲ್ಲಿ ಹ್ಯಾನ್‌ಫರ್ಡಿನಲ್ಲಿ ಹೆಕ್ಸೋನ್ ಎಂಬ ದ್ರಾವಕ ಬಳಕೆಗೆ ಬಂದಿತು. ಅದು ಬೇಗ ಹೊತ್ತಿಕೊಳ್ಳುವಂಥದು. ಕೆಲಸ ಮಾಡಲು ಹೇರಳವಾಗಿ ಅಲ್ಯೂಮಿನಿಯಂ ನೈಟ್ರೇಟ್ ಬೆರೆಸಬೇಕಿತ್ತು. ಅದೂ ತ್ಯಾಜ್ಯದ ಹೊರೆಗೇ ಸೇರುತ್ತಿತ್ತು. ಇದಕ್ಕೆ ಪರಿಹಾರವಾಗಿ ಒದಗಿದ್ದು ಟ್ರೈಬ್ಯುಟೈಲ್ ಫಾಸ್ಫೇಟ್. ನಡುವೆ ರಂಜಕ, ಅದಕ್ಕೆ ಅಂಟಿದ ಒಂದು ಆಮ್ಲಜನಕ ಲೋಹದತ್ತ ಚಾಚಿಕೊಂಡಿರುತ್ತದೆ, ಉಳಿದ ಮೂರು ದಿಕ್ಕಿನಲ್ಲಿ ಎಣ್ಣೆಯೊಡನೆ ಹೊಂದಿಕೊಳ್ಳುವ ಇಂಗಾಲದ ಬಾಲಗಳು. ಇಂತಹ ಎರಡು ಅಣುಗಳು ಸೇರಿ ಯುರೇನಿಯಮ್ಮನ್ನಾಗಲಿ ಪ್ಲುಟೋನಿಯಮ್ಮನ್ನಾಗಲಿ ಹೊತ್ತೊಯ್ಯುತ್ತವೆ. ಪ್ಲುಟೋನಿಯಮ್ಮಿಗೆ ಒಂದು ಎಲೆಕ್ಟ್ರಾನನ್ನು ಕೊಟ್ಟು ಅದರ ಆವೇಶವನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದರೆ, ಲಿಗ್ಯಾಂಡ್ ಅದನ್ನು ಕೈಬಿಡುತ್ತದೆ. ಅದು ನೀರಿಗೆ ಮರಳುತ್ತದೆ. ಪ್ಯೂರೆಕ್ಸ್ ಎಂಬ ಹೆಸರಿನ ಈ ವಿಧಾನ 1954ರಲ್ಲಿ ಸವಾನ್ನಾ ರಿವರಿನಲ್ಲಿಯೂ 1956ರಲ್ಲಿ ಹ್ಯಾನ್‌ಫರ್ಡಿನಲ್ಲಿಯೂ ಬಳಕೆಗೆ ಬಂದಿತು. ಇಂದಿಗೂ ಜಗತ್ತಿನಲ್ಲಿ ನಡೆಯುತ್ತಿರುವ ಮರುಸಂಸ್ಕರಣೆಗೆಲ್ಲ ಇದೇ ತಳಹದಿ.

ಟ್ರಾಂಬೆ ಈ ಕಥೆಯನ್ನು ಪ್ರವೇಶಿಸುವುದು ಇಲ್ಲಿ. ಹೋಮಿ ಸೇಠ್ನಾ ಅವರ ನೇತೃತ್ವದಲ್ಲಿ ಕಟ್ಟಿದ ಪ್ಲುಟೋನಿಯಂ ಸ್ಥಾವರ 1964ರಲ್ಲಿ ಕೆಲಸ ಆರಂಭಿಸಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಅದನ್ನು ಉದ್ಘಾಟಿಸಿದರು. ಅಲ್ಲಿಯೂ ಬಳಸಿದ್ದು ಪ್ಯೂರೆಕ್ಸ್ ವಿಧಾನವನ್ನೇ. ಹೊಸದಾಗಿ ಸ್ವತಂತ್ರವಾದ ದೇಶವೊಂದು ಇಷ್ಟು ಕಠಿಣವಾದ ವಿದ್ಯೆಯನ್ನು ಸ್ವಂತ ಬಲದಿಂದ ಸಾಧಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಪ್ಯೂರೆಕ್ಸಿನ ಮಿತಿ ಹ್ಯಾನ್‌ಫರ್ಡಿನಲ್ಲಿ ಎಷ್ಟೋ ಟ್ರಾಂಬೆಯಲ್ಲಿಯೂ ಅಷ್ಟೇ. ಅಮೆರಿಸಿಯಂ, ಕ್ಯೂರಿಯಂ, ಸೀಸಿಯಂ, ಸ್ಟ್ರಾಂಷಿಯಂಗಳನ್ನು ಆ ಲಿಗ್ಯಾಂಡ್ ಮುಟ್ಟದೆ ಬಿಟ್ಟುಬಿಡುತ್ತದೆ. ಅವೆಲ್ಲ ಆಮ್ಲದಲ್ಲೇ ಉಳಿದು, ಉಗ್ರಮಟ್ಟದ ತ್ಯಾಜ್ಯವೆನಿಸುತ್ತವೆ.

ಹಾಗಾದರೆ ಉಳಿದುದನ್ನೂ ಹೆಕ್ಕಬಾರದೇಕೆ? ಇಲ್ಲಿಯೇ ಅಕ್ಕಿಯ ಬಣ್ಣದ ಕಲ್ಲು ಎದುರಾಗುತ್ತದೆ. 1944–45ರಲ್ಲಿ ಸೀಬೋರ್ಗ್ ತಂಡ ಅಮೆರಿಸಿಯಂ ಮತ್ತು ಕ್ಯೂರಿಯಮ್ಮುಗಳನ್ನು ಗುರುತಿಸಿತು. ಅವನ್ನು ಪರಸ್ಪರವಾಗಿಯೂ, ಲ್ಯಾಂಥನೈಡುಗಳೆಂಬ ವಿರಳ ಭಸ್ಮ ಲೋಹಗಳಿಂದಲೂ ಬೇರ್ಪಡಿಸಲು ಎಷ್ಟು ಒದ್ದಾಡಬೇಕಾಯಿತೆಂದರೆ, ತಂಡದವರು ತಮ್ಮೊಳಗೆ ಅವಕ್ಕೆ ‘ಪ್ಯಾಂಡಮೋನಿಯಂ’, ‘ಡೆಲಿರಿಯಂ’ ಎಂದು ಹೆಸರಿಟ್ಟುಕೊಂಡಿದ್ದರು. ಒಂದು ಕೋಲಾಹಲ, ಮತ್ತೊಂದು ಸನ್ನಿ. ಕಾರಣ ಸರಳ. ಅಮೆರಿಸಿಯಂ ಅಯಾನು ಮೂರು ಧನಾವೇಶದ್ದು, ಲ್ಯಾಂಥನೈಡುಗಳೂ ಹಾಗೆಯೇ. ಅಮೆರಿಸಿಯಂ ಅಯಾನಿನ ತ್ರಿಜ್ಯ 0.975 ಆಂಗ್‌ಸ್ಟ್ರಾಮ್, ನಿಯೋಡಿಮಿಯಮ್ಮಿನದು 0.983. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಅದರ ನೂರರಲ್ಲೊಂದು ಪಾಲಿನಷ್ಟೂ ಇಲ್ಲದ ಅಂತರದಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕು. ತ್ಯಾಜ್ಯದಲ್ಲಿ ಲ್ಯಾಂಥನೈಡುಗಳ ರಾಶಿಯೇ ದೊಡ್ಡದು. ಬೇರ್ಪಡಿಸದೆ ಅಮೆರಿಸಿಯಮ್ಮನ್ನು ಸ್ಥಾವರದಲ್ಲಿ ಉರಿಸಲು ಹೋದರೆ, ಲ್ಯಾಂಥನೈಡುಗಳು ನ್ಯೂಟ್ರಾನುಗಳನ್ನು ನುಂಗಿಹಾಕುತ್ತವೆ.

ಬೆಳಕಿನ ಮೊದಲ ಗೆರೆ ಕಂಡದ್ದು 1954ರಲ್ಲಿ. ಡೈಮಂಡ್, ಸ್ಟ್ರೀಟ್ ಮತ್ತು ಸೀಬೋರ್ಗ್ ಸಾಂದ್ರವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಯಾನು ವಿನಿಮಯದ ರಾಳದ ಮೂಲಕ ಹರಿಸಿ ನೋಡಿದಾಗ, ಅಮೆರಿಸಿಯಂ ತನ್ನ ಗಾತ್ರದ ಲ್ಯಾಂಥನೈಡುಗಳಿಗಿಂತ ಬೇಗ ಹೊರಬಂದಿತು. ಕ್ಲೋರೈಡಿನ ಮೇಲೆ ಅದಕ್ಕೆ ಕೊಂಚ ಹೆಚ್ಚಿನ ಒಲವಿತ್ತು. ಅಮೆರಿಸಿಯಮ್ಮಿನ ಹೊರ ಎಲೆಕ್ಟ್ರಾನುಗಳ ಕಕ್ಷಕಗಳು ಲ್ಯಾಂಥನೈಡುಗಳದಕ್ಕಿಂತ ತುಸು ದೂರ ಚಾಚಿಕೊಂಡಿವೆ. ಆದ್ದರಿಂದ ಅದು ಬಂಧದಲ್ಲಿ ಎಲೆಕ್ಟ್ರಾನುಗಳನ್ನು ತುಸು ಹೆಚ್ಚಾಗಿ ಹಂಚಿಕೊಳ್ಳಬಲ್ಲದು ಎಂದು ಅವರು ಊಹಿಸಿದರು. 1963ರಲ್ಲಿ ರಾಲ್ಫ್ ಪಿಯರ್ಸನ್ ಮಂಡಿಸಿದ ತತ್ವವೂ ಅದಕ್ಕೆ ಪೂರಕವಾಯಿತು: ಕಠಿಣ ಸ್ವಭಾವದ ಅಯಾನುಗಳು ಆಮ್ಲಜನಕದಂತಹ ಕಠಿಣ ಕೈಗಳನ್ನೂ, ಮೃದು ಸ್ವಭಾವದವು ಗಂಧಕದಂತಹ ಮೃದು ಕೈಗಳನ್ನೂ ಬಯಸುತ್ತವೆ. ಅಮೆರಿಸಿಯಂ ಕಠಿಣವೇ, ಆದರೆ ತನ್ನ ಪ್ರತಿರೂಪಗಳಿಗಿಂತ ಕೂದಲೆಳೆಯಷ್ಟು ಮೃದು. ಆ ಕೂದಲೆಳೆಯನ್ನು ಹಿಡಿದು ನಡೆಯುವುದೇ ಮುಂದಿನ ಕೆಲಸವಾಯಿತು. 1964ರಲ್ಲಿ ಓಕ್ ರಿಜ್‌ನ ವೀವರ್ ಮತ್ತು ಕಪ್ಪೆಲ್‌ಮನ್ ಒಂದು ಜಾಣ ಉಪಾಯ ಹೂಡಿದರು: ಎಣ್ಣೆ ಲ್ಯಾಂಥನೈಡುಗಳನ್ನು ಮೇಲೆಳೆಯುತ್ತಿರುವಾಗ, ಮೂರು ಸಾರಜನಕಗಳ ಡಿಟಿಪಿಎ ಎಂಬ ಲಿಗ್ಯಾಂಡ್ ನೀರಿನಲ್ಲಿ ಅಮೆರಿಸಿಯಮ್ಮನ್ನು ಹಿಡಿದು ನಿಲ್ಲಿಸಿಕೊಳ್ಳುವುದು.

ಈ ಡಿಟಿಪಿಎಯ ಹೆಸರು ಹನ್ನೆರಡು ವರ್ಷಗಳ ತರುವಾಯ ಬೇರೊಂದು ಸಂದರ್ಭದಲ್ಲಿ ಕೇಳಿಬಂದಿತು. 1976ರ ಆಗಸ್ಟ್ 30ರಂದು ಹ್ಯಾನ್‌ಫರ್ಡಿನಲ್ಲಿ ಅಮೆರಿಸಿಯಮ್ಮನ್ನು ಬೇರ್ಪಡಿಸುವ ರಾಳದ ಸ್ತಂಭವೊಂದು ಸಿಡಿಯಿತು. ಮುಷ್ಕರದ ಕಾರಣದಿಂದ ಅದು ಅಮೆರಿಸಿಯಂ ತುಂಬಿಕೊಂಡೇ ತಿಂಗಳುಗಟ್ಟಲೆ ನಿಂತಿತ್ತು; ಅಷ್ಟು ಕಾಲವೂ ವಿಕಿರಣ ರಾಳವನ್ನು ಒಳಗಿನಿಂದ ಕೊರೆಯುತ್ತಿತ್ತು; ಮತ್ತೆ ನೈಟ್ರಿಕ್ ಆಮ್ಲ ಹರಿಸಿದಾಗ ಸ್ಫೋಟವಾಯಿತು. ಎದುರಿಗಿದ್ದ 64 ವರ್ಷದ ಕಾರ್ಮಿಕ ಹೆರಾಲ್ಡ್ ಮೆಕ್‌ಕ್ಲಸ್ಕಿಯವರ ಮುಖಕ್ಕೆ ಗಾಜು, ಆಮ್ಲ, ಅಮೆರಿಸಿಯಂ ಒಟ್ಟಿಗೆ ಎರಚಿದವು. ಕಾರ್ಮಿಕರಿಗೆ ವಿಧಿಸಿದ್ದ ಮಿತಿಯ ನೂರಾರು ಪಟ್ಟು ವಿಕಿರಣ ಅವರ ದೇಹ ಸೇರಿತು. ವೈದ್ಯರು ಅವರಿಗೆ ಡಿಟಿಪಿಎಯನ್ನು ಮತ್ತೆ ಮತ್ತೆ ಚುಚ್ಚುಮದ್ದಾಗಿ ಕೊಟ್ಟರು. ರಕ್ತದಲ್ಲಿದ್ದ ಅಮೆರಿಸಿಯಮ್ಮನ್ನು ಆ ಅಣು ತಬ್ಬಿಕೊಂಡು ಮೂತ್ರದ ಮೂಲಕ ಹೊರಗೊಯ್ಯಿತು. ತಿಂಗಳುಗಟ್ಟಲೆ ಪ್ರತ್ಯೇಕವಾಗಿದ್ದು ಮನೆಗೆ ಮರಳಿದ ಮೆಕ್‌ಕ್ಲಸ್ಕಿಯವರನ್ನು ಜನ ‘ಪರಮಾಣು ಮನುಷ್ಯ’ ಎಂದು ಕರೆದರು. ಮುಟ್ಟಲು ಅಂಜಿದ ಪರಿಚಿತರೂ ಇದ್ದರು. ಅವರು ಹನ್ನೊಂದು ವರ್ಷ ಬದುಕಿ 1987ರಲ್ಲಿ, ಮೊದಲೇ ಇದ್ದ ಹೃದ್ರೋಗದಿಂದ ತೀರಿಕೊಂಡರು, ಕ್ಯಾನ್ಸರ್ ಕಾಣಿಸಿರಲಿಲ್ಲ.

ಈ ಒಂದು ಘಟನೆಯಲ್ಲಿ ನಮಗೆ ಎರಡು ಪಾಠಗಳು ಕಾಣುತ್ತವೆ. ಸರಿಯಾದ ಲಿಗ್ಯಾಂಡ್ ಮನುಷ್ಯನೊಬ್ಬನ ಜೀವ ಉಳಿಸಬಲ್ಲದು. ವಿಕಿರಣವನ್ನು ತಾಳಲಾರದ ಸಾವಯವ ವಸ್ತು ಜೀವಕ್ಕೇ ಎರವಾಗಬಲ್ಲದು. ಆದ್ದರಿಂದ ಆರಿಸುವ ಅಣು ಜಾಣತನದಿಂದ ಕೂಡಿದ್ದರೆ ಸಾಲದು. ತಾನು ಹಿಡಿದುದರ ಬೆಂಕಿಯಲ್ಲಿ ತಾನೇ ಬೇಯದಂತೆಯೂ ಇರಬೇಕು.

ಇಷ್ಟರಲ್ಲಿ, ಪರಮಾಣುವಿಗೆ ಸಂಬಂಧವೇ ಇಲ್ಲದ ಮೂಲೆಯೊಂದರಿಂದ ಹೊಸ ಆಲೋಚನೆ ಬಂದಿತ್ತು. ಚಾರ್ಲ್ಸ್ ಪೆಡರ್ಸನ್ ಕೊರಿಯಾದಲ್ಲಿ ನಾರ್ವೆಯ ತಂದೆಗೂ ಜಪಾನಿನ ತಾಯಿಗೂ ಹುಟ್ಟಿದವರು. ಡಾಕ್ಟರೇಟ್ ಪದವಿ ಪಡೆಯದೆ ಡುಪಾಂಟ್ ಕಂಪನಿಯಲ್ಲಿ 42 ವರ್ಷ ದುಡಿದವರು. 1961ರಲ್ಲಿ ಬೇರೊಂದು ವಸ್ತುವನ್ನು ತಯಾರಿಸಲು ಹೋದಾಗ, ಕಲ್ಮಶವಾಗಿ ಶೇಕಡಾ ಅರ್ಧದಷ್ಟೂ ಇಲ್ಲದ ಬಿಳಿಯ ಹರಳುಗಳು ಅವರ ಕಣ್ಣಿಗೆ ಬಿದ್ದವು. ಎಸೆಯಬಹುದಾಗಿದ್ದ ಅದನ್ನು ಅವರು ಪರೀಕ್ಷಿಸಿದರು. ಅದೊಂದು ಉಂಗುರದಾಕಾರದ ಅಣು. ಉಂಗುರದ ಒಳಮೈಯಲ್ಲಿ ಆರು ಆಮ್ಲಜನಕಗಳು. ನಡುವಿನ ಬಯಲಿನಲ್ಲಿ ಸರಿಹೊಂದುವ ಗಾತ್ರದ ಅಯಾನು ಬಂದು ಕೂರುತ್ತದೆ. ಕಿರೀಟದಂತೆ ಕಾಣುವ ಇವುಗಳಿಗೆ ಅವರು ‘ಕ್ರೌನ್ ಈಥರ್’ ಎಂದು ಹೆಸರಿಟ್ಟು 1967ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಜಾನ್-ಮಾರಿ ಲೆನ್ ಉಂಗುರವನ್ನು ಪಂಜರವಾಗಿಸಿದರು. ಅಮೆರಿಕದ ಡೊನಾಲ್ಡ್ ಕ್ರಾಮ್ ಮತ್ತೊಂದು ತತ್ವವನ್ನು ಮುಂದಿಟ್ಟರು: ಅಯಾನು ಬಂದ ಮೇಲೆ ಕೈಕಾಲು ಸರಿಪಡಿಸಿಕೊಳ್ಳುವ ಅಣುವಿಗಿಂತ, ಅದು ಬರುವ ಮೊದಲೇ ಸರಿಯಾದ ಭಂಗಿಯಲ್ಲಿ ಸಿದ್ಧವಾಗಿರುವ ಅಣು ಹೆಚ್ಚು ಬಲವಾಗಿ, ಹೆಚ್ಚು ವಿವೇಚನೆಯಿಂದ ಹಿಡಿಯುತ್ತದೆ. ಮೂವರಿಗೂ 1987ರಲ್ಲಿ ನೊಬೆಲ್ ದೊರೆಯಿತು. ಅಲ್ಲಿಯವರೆಗೆ ಲಿಗ್ಯಾಂಡುಗಳನ್ನು ಹುಡುಕುತ್ತಿದ್ದರು. ಅಲ್ಲಿಂದ ಮುಂದೆ ವಿನ್ಯಾಸಗೊಳಿಸತೊಡಗಿದರು.

ಮೊದಲ ಫಲ ದೊರೆತದ್ದು ಸೀಸಿಯಮ್ಮಿನ ವಿಷಯದಲ್ಲಿ. ಸವಾನ್ನಾ ರಿವರಿನ ತೊಟ್ಟಿಗಳಲ್ಲಿ ಒಂದು ಸೀಸಿಯಂ ಅಯಾನಿಗೆ ಹತ್ತಾರು ಸಾವಿರ ಸೋಡಿಯಂ ಅಯಾನುಗಳಿವೆ. ಎರಡೂ ಒಂದೇ ಆವೇಶದವು. ಗಾತ್ರ ಮಾತ್ರ ಬೇರೆ: ಸೋಡಿಯಮ್ಮಿನ ತ್ರಿಜ್ಯ 1.02 ಆಂಗ್‌ಸ್ಟ್ರಾಮ್, ಸೀಸಿಯಮ್ಮಿನದು 1.67. ಬಟ್ಟಲಿನಾಕಾರದ ಕ್ಯಾಲಿಕ್ಸರೀನ್ ಅಣುವಿಗೆ ಕಿರೀಟದ ಹಿಡಿಯನ್ನು ಜೋಡಿಸಿದರೆ ಸೀಸಿಯಮ್ಮಿಗೆ ಹೇಳಿಮಾಡಿಸಿದ ಗೂಡಾಗುತ್ತದೆಂದು 1990ರ ದಶಕದಲ್ಲಿ ಯುರೋಪಿನ ಸಂಶೋಧಕರು ತೋರಿಸಿದರು. ಸೋಡಿಯಂ ಆ ಗೂಡಿನಲ್ಲಿ ನಿಲ್ಲದಷ್ಟು ಚಿಕ್ಕದು. ಓಕ್ ರಿಜ್‌ನಲ್ಲಿ ಬ್ರೂಸ್ ಮೊಯರ್ ಮತ್ತು ಸಂಗಡಿಗರು ಅದನ್ನು ಕಾರ್ಖಾನೆಯ ವಿಧಾನವಾಗಿ ಬೆಳೆಸಿದರು. 2008ರಿಂದ ಅದು ಸವಾನ್ನಾ ರಿವರಿನ ತ್ಯಾಜ್ಯದ ಮೇಲೆ ಕೆಲಸ ಮಾಡತೊಡಗಿತು.

ಇದೇ ಬಗೆಯ ಕ್ಯಾಲಿಕ್ಸ್-ಕ್ರೌನ್ ಅಣುವಿನಿಂದ ಟ್ರಾಂಬೆಯಲ್ಲಿಯೂ ತ್ಯಾಜ್ಯದಿಂದ ಸೀಸಿಯಮ್ಮನ್ನು ಹೆಕ್ಕಿ, ಗಾಜಿನ ಕಡ್ಡಿಗಳಾಗಿ ಎರಕ ಹೊಯ್ದು, ರಕ್ತನಿಧಿಗಳ ವಿಕಿರಣ ಯಂತ್ರಗಳಿಗೆ ಒದಗಿಸಿದ್ದಾರೆ. ದುರ್ಬಲ ರೋಗಿಗೆ ಕೊಡುವ ರಕ್ತದಲ್ಲಿರುವ ದಾನಿಯ ಬಿಳಿ ಕಣಗಳು ರೋಗಿಯ ಮೈಮೇಲೆಯೇ ತಿರುಗಿಬೀಳದಂತೆ ಅವನ್ನು ನಿಷ್ಕ್ರಿಯಗೊಳಿಸಲು ಈ ಕಿರಣಗಳು ಬೇಕು. ತೊಟ್ಟಿಯ ತಳದಲ್ಲಿ ವಿಷವೆಂದು ಮಲಗಿದ್ದ ವಸ್ತು ಆಸ್ಪತ್ರೆಯಲ್ಲಿ ಮದ್ದಿನ ಸಹಾಯಕ್ಕೆ ಬಂದಿತು. ಪದಾರ್ಥ ಅದೇ, ವಿಂಗಡಣೆ ಮಾತ್ರ ಹೊಸದು.

ಅಮೆರಿಸಿಯಮ್ಮಿನ ಪ್ರಶ್ನೆ ಇನ್ನೂ ಉಳಿದಿತ್ತು. 1980ರ ದಶಕದ ಕೊನೆಯ ವೇಳೆಗೆ ಸಮಾಜವೂ ಅದನ್ನು ಕೇಳತೊಡಗಿತು. 1988ರಲ್ಲಿ ಜಪಾನ್ ‘ಒಮೆಗಾ’ ಯೋಜನೆಯನ್ನು ಆರಂಭಿಸಿತು. 1991ರಲ್ಲಿ ಫ್ರಾನ್ಸ್ ದೀರ್ಘಾಯುಷ್ಯದ ತ್ಯಾಜ್ಯವನ್ನು ಬೇರ್ಪಡಿಸಿ ರೂಪಾಂತರಿಸುವ ಸಂಶೋಧನೆ ನಡೆಯಲೇಬೇಕೆಂದು ಕಾನೂನನ್ನೇ ಮಾಡಿತು. 1995ರಲ್ಲಿ ಬೀಜಿಂಗಿನ ಚಿಂಗ್‌ಹುವಾ ವಿಶ್ವವಿದ್ಯಾಲಯದ ಜು ಯೊಂಗ್‌ಜುನ್ ಗಂಧಕದ ಕೈಗಳುಳ್ಳ ಲಿಗ್ಯಾಂಡಿನಿಂದ ಅಮೆರಿಸಿಯಮ್ಮನ್ನು ಯುರೋಪಿಯಮ್ಮಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ಹಿಡಿದು ತೋರಿಸಿದಾಗ ಬೆರಗಾಗದವರಿಲ್ಲ. ಆದರೆ ತ್ಯಾಜ್ಯದ ಪ್ರಬಲ ಆಮ್ಲದಲ್ಲಿ ಅದು ನಿಲ್ಲದು. ಮುಪ್ಪಾದ ಲಿಗ್ಯಾಂಡನ್ನು ಸುಟ್ಟರೆ ಅದರ ಗಂಧಕವೂ ರಂಜಕವೂ ಹೊಸ ತ್ಯಾಜ್ಯವಾಗಿ ಉಳಿಯುತ್ತವೆ. ಅಷ್ಟರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ತಮಗೆ ತಾವೇ ಒಂದು ವ್ರತ ಹಾಕಿಕೊಂಡಿದ್ದರು: ಲಿಗ್ಯಾಂಡಿನಲ್ಲಿ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಈ ನಾಲ್ಕೇ ಇರಬೇಕು, ಕೆಲಸ ಮುಗಿದ ಮೇಲೆ ಸುಟ್ಟರೆ ಅನಿಲವಾಗಿ ಹೋಗಬೇಕು, ಬೂದಿಯೂ ಉಳಿಯಬಾರದು. 1940ರ ದಶಕದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಈ ತಲೆಮಾರು ಕೆಲಸಕ್ಕೆ ಕೈಹಾಕುವ ಮೊದಲೇ ಕೇಳಿಕೊಂಡಿತ್ತು.

ಗಂಧಕ ನಿಷಿದ್ಧವಾದಾಗ ಉಳಿದದ್ದು ಸಾರಜನಕ. 1999ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಜ್ಡೆನೆಕ್ ಕೊಲಾರಿಕ್ ಮತ್ತು ಸಂಗಡಿಗರು ಬಿಟಿಪಿ ಎಂಬ ಲಿಗ್ಯಾಂಡನ್ನು ಪ್ರಕಟಿಸಿದರು. ನಡುವೆ ಪಿರಿಡೀನ್, ಎರಡು ಪಕ್ಕಗಳಲ್ಲಿ ಟ್ರಯಜೀನ್ ಉಂಗುರಗಳು. ಮೂರು ಸಾರಜನಕಗಳು ಒಂದೇ ದಿಕ್ಕಿಗೆ ಚಾಚಿ ಹಿಡಿಯುತ್ತವೆ. ಪ್ರಬಲ ನೈಟ್ರಿಕ್ ಆಮ್ಲದಲ್ಲಿಯೇ ಅದು ಅಮೆರಿಸಿಯಮ್ಮನ್ನು ಯುರೋಪಿಯಮ್ಮಿಗಿಂತ ನೂರು ಪಟ್ಟಿಗೂ ಮಿಗಿಲಾಗಿ ಆರಿಸಿತು. ಆದರೆ ಬಹುಕಾಲ ಬಾಳಲಿಲ್ಲ. ಉಂಗುರದ ಪಕ್ಕದ ಇಂಗಾಲಕ್ಕೆ ಅಂಟಿದ ಜಲಜನಕವನ್ನು ಆಮ್ಲವೂ ವಿಕಿರಣವೂ ಕಿತ್ತು ಅಣುವನ್ನು ಕೆಡಿಸುತ್ತಿದ್ದವು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಹಡ್ಸನ್, ಲಾರೆನ್ಸ್ ಹಾರ್ವುಡ್ ಮತ್ತವರ ಸಂಗಡಿಗರು ಆ ದುರ್ಬಲ ಸ್ಥಳದಲ್ಲಿ ಜಲಜನಕದ ಬದಲು ಮೀಥೈಲ್ ಗುಂಪುಗಳನ್ನು ನಿಲ್ಲಿಸಿ ಕಾವಲು ಕಟ್ಟಿದರು. ಹೊಸ ಅಣು ಬಾಳಿಕೆ ಬಂದಿತು; ಆದರೆ ಹಿಡಿಯಲು ತುಂಬ ಹೊತ್ತು ತೆಗೆದುಕೊಳ್ಳುತ್ತಿತ್ತು. ಅದರ ನಡುವಿನ ಎರಡು ಉಂಗುರಗಳು ಸಾಮಾನ್ಯವಾಗಿ ಬೆನ್ನು ತಿರುಗಿಸಿಕೊಂಡಿದ್ದು, ಲೋಹ ಬಂದಾಗ ಮುಖ ತಿರುಗಿಸಬೇಕಿತ್ತು. 2011ರಲ್ಲಿ ಅದೇ ತಂಡ ಆ ಎರಡು ಉಂಗುರಗಳನ್ನು ತಿರುಗಲಾಗದಂತೆ ಬೆಸೆದು, ನಾಲ್ಕು ಸಾರಜನಕಗಳೂ ಸದಾ ಒಂದೇ ಕಡೆ ನೋಡುವಂತೆ ಮಾಡಿತು. ಹಿಡಿತ ಚುರುಕಾಯಿತು, ಆಯ್ಕೆ ಇನ್ನಷ್ಟು ನಿಖರವಾಯಿತು. ಕ್ರಾಮ್ ಹೇಳಿದ ತತ್ವ ತೊಟ್ಟಿಯ ತಳವನ್ನು ತಲುಪಿದ್ದು ಹೀಗೆ.

ಭಾರತದಲ್ಲಿಯೂ ಈ ಪ್ರಯತ್ನ ನಡೆದಿದೆ. 2001ರಲ್ಲಿ ಜಪಾನಿನ ಸಸಾಕಿ ಮತ್ತಿತರರು ಬೆಳಕಿಗೆ ತಂದ ಡೈಗ್ಲೈಕೋಲಮೈಡ್ ವರ್ಗದ ಲಿಗ್ಯಾಂಡುಗಳ ಮೇಲೆ ಟ್ರಾಂಬೆ ಮತ್ತು ಕಲ್ಪಾಕ್ಕಂಗಳಲ್ಲಿ ವಿಸ್ತಾರವಾದ ಕೆಲಸವಾಗಿದೆ. 2013ರಲ್ಲಿ ತಾರಾಪುರದಲ್ಲಿ ನಿಜವಾದ ತ್ಯಾಜ್ಯದಿಂದಲೇ ಆಕ್ಟಿನೈಡುಗಳನ್ನು ಬೇರ್ಪಡಿಸುವ ಪ್ರದರ್ಶನ ಘಟಕ ಆರಂಭವಾಯಿತು. ಹೊರನಾಡ ಕನ್ನಡಿಗರಾದ ನಾವು ಬದುಕು ಕಟ್ಟಿಕೊಂಡ ಊರುಗಳ ಪಟ್ಟಿ ದೇಶದ ಪರಮಾಣು ಭೂಪಟಕ್ಕೆ ಹತ್ತಿರವಾಗಿಯೇ ಇದೆ. ಮುಂಬಯಿಯವರಿಗೆ ಟ್ರಾಂಬೆ, ಚೆನ್ನೈಯವರಿಗೆ ಕಲ್ಪಾಕ್ಕಂ, ಹೈದರಾಬಾದಿನವರಿಗೆ ಇಂಧನ ತಯಾರಿಸುವ ಸಂಕೀರ್ಣ. ಬಿಟ್ಟುಬಂದ ನಾಡಿನಲ್ಲಿ ಕಾಳಿಯ ದಡದ ಕೈಗಾ. ಕೈಗಾ ಯೋಜನೆಯನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಬೀದಿಗಿಳಿದಾಗ ಎತ್ತಿದ ಪ್ರಶ್ನೆಗಳಲ್ಲಿ ಮುಂದಿನ ಪೀಳಿಗೆಯ ಪ್ರಶ್ನೆಯೂ ಇತ್ತು. ವಿರೋಧಿಸಿದವರೂ ಸಮರ್ಥಿಸಿದವರೂ ಇಂದು ಒಪ್ಪಬೇಕಾದ ಮಾತೊಂದಿದೆ: ಈಗಾಗಲೇ ಹುಟ್ಟಿರುವ ತ್ಯಾಜ್ಯ ಯಾರ ವಾದ ಗೆದ್ದರೂ ಹೋಗುವುದಿಲ್ಲ.

ಲಿಗ್ಯಾಂಡುಗಳು ಈ ಋಣವನ್ನು ತೀರಿಸುವುದಿಲ್ಲ. ಹೆಕ್ಕಿದ ಅಮೆರಿಸಿಯಂ ಎಲ್ಲಿಯೂ ಮಾಯವಾಗದು. ಅದನ್ನು ವೇಗದ ನ್ಯೂಟ್ರಾನುಗಳ ಸ್ಥಾವರದಲ್ಲಿ ಉರಿಸಿ ಅಲ್ಪಾಯುಷ್ಯದ ಧಾತುಗಳಾಗಿ ಒಡೆಯಬೇಕು. ಆ ಕೆಲಸ ದುಬಾರಿಯಾದುದು, ಒಂದೇ ಸುತ್ತಿನಲ್ಲಿ ಮುಗಿಯದ್ದು. ಗಾಜಿನಲ್ಲಿ ಎರಕ ಹೊಯ್ದ ಉಳಿಕೆಗೂ ಭೂಗರ್ಭದಲ್ಲಿ ಒಂದು ತಾಣ ಬೇಕೇ ಬೇಕು. ಹೊಸ ಅಣುಗಳಲ್ಲಿ ಹಲವು ಇನ್ನೂ ಪ್ರಯೋಗಾಲಯದ ಹೊಸ್ತಿಲು ದಾಟಿಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೂ ಉಳಿಯುವ ಒಂದು ಲೆಕ್ಕ ನಮ್ಮಂತಹ ಅಕ್ಷರಜೀವಿಗಳಿಗೆ ಮುಖ್ಯವೆನಿಸುತ್ತದೆ.

ಲಕ್ಷ ವರ್ಷಗಳ ಆಚೆಗೆ ಯಾವ ಭಾಷೆಯೂ ತಲುಪದು. ಹತ್ತು ಸಾವಿರ ವರ್ಷಗಳ ಹಿಂದೆ ಬರಹವೇ ಇರಲಿಲ್ಲ. ಮುನ್ನೂರು ವರ್ಷಗಳ ಮಾತು ಬೇರೆ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ರಚಿಸಿ ಮುನ್ನೂರು ವರ್ಷಗಳ ಮೇಲಾಯಿತು. ಅವಳ ಸಾಂಗತ್ಯವನ್ನು ಇಂದಿನ ಓದುಗರು ಹೆಚ್ಚಿನ ನೆರವಿಲ್ಲದೆ ಓದಿ ಅರ್ಥಮಾಡಿಕೊಳ್ಳುತ್ತಾರೆ. ಅವಳ ಮಾತನ್ನು ಒಪ್ಪುತ್ತಾರೆ, ಜಗಳವನ್ನೂ ಆಡುತ್ತಾರೆ. ಮುನ್ನೂರು ವರ್ಷ ಒಂದು ಭಾಷೆ ಹೊತ್ತು ಸಾಗಬಲ್ಲ ದೂರ. ನೂರನೆಯ ಒಂದು ಆಂಗ್‌ಸ್ಟ್ರಾಮಿನ ಅಂತರಕ್ಕಾಗಿ ಎಂಟು ದಶಕ ಹೆಣಗಿದವರು ಸಾಧಿಸಹೊರಟಿರುವುದು ಕೊನೆಗೆ ಇದನ್ನೇ: ಯಾವ ನುಡಿಗೂ ನಿಲುಕದ ಅಪಾಯವನ್ನು ಮನುಷ್ಯರು ಮನುಷ್ಯರಿಗೆ ಹೇಳಿಹೋಗಬಹುದಾದ ಕಾಲದೊಳಕ್ಕೆ ತರುವುದು.

ಆ ಕೆಲಸ ಕೈಗೂಡಿದ ದಿನ, ಹೇಳಿಹೋಗುವ ಹೊಣೆ ನಮ್ಮ ಪಾಲಿಗೆ ಬರುತ್ತದೆ. ಯಾವುದು ಎಲ್ಲಿದೆ, ಅದನ್ನು ಯಾರು ಏಕೆ ಅಲ್ಲಿಟ್ಟರು, ಎಂದಿನವರೆಗೆ ಮುಟ್ಟಬಾರದು ಎಂಬುದನ್ನು ಇಂಗ್ಲಿಷಿನ ಕಡತಗಳಲ್ಲಿ ಬರೆದಿಟ್ಟರೆ ಸಾಲದು. ಕೈಗಾದ ಸುತ್ತಲ ಹಳ್ಳಿಗಳ ಮಕ್ಕಳೂ ಅವರ ಮಕ್ಕಳೂ ಆಡುವ ಮಾತಿನಲ್ಲಿ ಅದು ಇರಬೇಕು. ಘಾರಾಪುರಿಯ ಶಾಸನ ಕಳೆದಾಗ ನಾವು ಕಳೆದುಕೊಂಡದ್ದು ಒಬ್ಬ ದೊರೆಯ ಹೆಸರನ್ನು ಮಾತ್ರ. ಈ ಶಾಸನ ಕಳೆದರೆ ಆಗುವ ನಷ್ಟ ಅಷ್ಟಕ್ಕೆ ನಿಲ್ಲುವುದಿಲ್ಲ.